ಕಿಟ್ಟೆಲ್ ಅವರೂ ನನ್ನ ಇಂಗ್ಲಿಷ್ ಪದಗಳೂ

ಹಿರಿಯರ ಜೀವನವನ್ನು ಬರೆಯುವವರು ಅವರು ಹುಟ್ಟಿದ ಊರಿನಿಂದಲೂ ತಂದೆತಾಯಿಗಳ ಹೆಸರಿನಿಂದಲೂ ಆರಂಭಿಸುವುದು ವಾಡಿಕೆ. ನಾನಾದರೋ ನನ್ನ ಸೋಲಿನಿಂದ ಆರಂಭಿಸಬೇಕಾಗಿದೆ, ವಾಚಕರು ಮನ್ನಿಸಬೇಕು. ಬಿ.ಎ. ತರಗತಿಯ ಮೊದಲನೆಯ ಸೆಮಿಸ್ಟರಿನಲ್ಲಿ ನಾನು ಇಂಗ್ಲಿಷ್ ಪತ್ರಿಕೆಯಲ್ಲಿ ತೇರ್ಗಡೆಯಾಗಲಿಲ್ಲ. ಓದದೆ ಸೋತಿದ್ದರೆ ದುಃಖವಿರುತ್ತಿರಲಿಲ್ಲ. ಎರಡು ಕಾಲಂಗಳ ಒಂದು ನೋಟುಪುಸ್ತಕದಲ್ಲಿ ಎಡಕ್ಕೆ ಇಂಗ್ಲಿಷ್ ಪದ, ಬಲಕ್ಕೆ ಕನ್ನಡ ಅರ್ಥ ಎಂದು ಬರೆದುಕೊಂಡು, ದಿನಕ್ಕೆ ಇಪ್ಪತ್ತರಂತೆ ಆರುನೂರು ಪದಗಳನ್ನು ನಾನು ಬಾಯಿಪಾಠ ಮಾಡಿದ್ದೆ. ರಾತ್ರಿ ಹತ್ತು ಗಂಟೆಗೆ ಇಪ್ಪತ್ತೂ ಬರುತ್ತಿದ್ದುವು. ಬೆಳಗಿನ ಬಸ್ಸಿನಲ್ಲಿ ಕುಳಿತು ನೆನೆಸಿಕೊಂಡರೆ ಆರು ಉಳಿದಿರುತ್ತಿದ್ದುವು. ಶನಿವಾರದ ಹೊತ್ತಿಗೆ ಎರಡು. ಪರೀಕ್ಷೆಯಲ್ಲಿ ಕೊಟ್ಟಿದ್ದ ಗದ್ಯಭಾಗದಲ್ಲಿ ಒಂದು ಹಳ್ಳಿಯಲ್ಲಿ ನೀರು ‘ಸ್ಕೇರ್ಸ್’ ಆಗಿತ್ತೆಂದಿತ್ತು. ನೀರು ವಿರಳವಾಗಿತ್ತೆಂದು ಅದರ ಅರ್ಥ. ನನಗೆ ‘ಸ್ಕೇರ್’ ನೆನಪಾಗಿ, ಆ ಹಳ್ಳಿಯವರಿಗೆ ನೀರೆಂದರೆ ಭಯವೆಂದು ಒಂದು ಪುಟದ ಉತ್ತರ ಬರೆದು ಬಂದೆ. ಈಗ ಹೇಳಿ ನಗಬಹುದು. ಅಂದು ನಗುವಂತಿರಲಿಲ್ಲ.

ನಮ್ಮ ತಂದೆ ದೊಡ್ಡಬಳ್ಳಾಪುರದಲ್ಲಿ ವಿದ್ಯುತ್ ಮಗ್ಗ ನಡೆಸುವ ಕೂಲಿಯವರು; ತಾಯಿ ಉಂಡೆ ಸುತ್ತುತ್ತಾರೆ; ಅಜ್ಜಿ ಹಿಂದೆ ರಾಗಿ ಹೊಲದಲ್ಲಿ ದುಡಿದವರು. ನಮ್ಮ ಮನೆಯಲ್ಲಿ ಕಾಲೇಜಿನ ಮೆಟ್ಟಲು ಹತ್ತಿದವಳು ನಾನೊಬ್ಬಳೆ. ಫಲಿತಾಂಶ ಬಂದ ದಿನ ಬೀದಿಯ ಹಿರಿಯರೊಬ್ಬರು ತಂದೆಯವರಿಗೆ ಹಿತವಚನ ಹೇಳಿದರು: ಹುಡುಗಿಗೆ ಇಂಗ್ಲಿಷ್ ಹತ್ತುವುದಿಲ್ಲ, ಸಿದ್ಧ ಉಡುಪಿನ ಕಾರ್ಖಾನೆಗೆ ಸೇರಿಸಿದರೆ ತಿಂಗಳಿಗೆ ನಾಲ್ಕು ಕಾಸು ಬರುತ್ತದೆ ಎಂದು. ತಂದೆಯವರು ಉತ್ತರ ಕೊಡಲಿಲ್ಲ. ರಾತ್ರಿ ಊಟವಾದ ಮೇಲೆ ಮತ್ತೆ ಪರೀಕ್ಷೆಗೆ ಕಟ್ಟಲು ಎಷ್ಟು ಹಣ ಬೇಕೆಂದು ಮಾತ್ರ ಕೇಳಿದರು. ಇನ್ನೊಂದು ಸಲ ಸೋತರೆ ಅವರು ಮತ್ತೆ ಹಾಗೆ ಕೇಳಲಾರರೆಂಬುದು ನನಗೆ ಚೆನ್ನಾಗಿ ತಿಳಿದಿತ್ತು.

ಮರುದಿನ ಕಾಲೇಜಿನ ಗ್ರಂಥಭಂಡಾರಕ್ಕೆ ಹೋಗಿ ಇಂಗ್ಲಿಷ್–ಕನ್ನಡ ನಿಘಂಟನ್ನು ಕೇಳಿದೆ. ಅದನ್ನು ಬೇರೆ ಯಾರೋ ಒಯ್ದಿದ್ದರು. ಗ್ರಂಥಪಾಲಕರು ಕೆಳಗಿನ ಕಪಾಟಿನಿಂದ ಇಟ್ಟಿಗೆಯಂತಹ ಒಂದು ಹೊತ್ತಗೆಯನ್ನು ಎರಡು ಕೈಯಲ್ಲಿ ಎತ್ತಿ ಮೇಜಿನ ಮೇಲಿಟ್ಟರು. ಅದು ಕಿಟ್ಟೆಲ್ಲರ ಕನ್ನಡ–ಇಂಗ್ಲಿಷ್ ಕೋಶದ ಮರುಮುದ್ರಣ. ನನಗೆ ಬೇಕಾದುದಕ್ಕೆ ತಲೆಕೆಳಗು! ಕನ್ನಡ ಬಲ್ಲವಳಿಗೆ ಕನ್ನಡ ಪದ ಹುಡುಕುವ ಕೋಶವೇಕೆ? ಆದರೂ ಹಿರಿಯರು ಕಷ್ಟಪಟ್ಟು ಎತ್ತಿಕೊಟ್ಟರಲ್ಲಾ ಎಂಬ ದಾಕ್ಷಿಣ್ಯದಿಂದ ಕುಳಿತು ತೆರೆದೆ. ಅಂದು ತೆರೆದ ಪುಸ್ತಕವನ್ನು ಈ ಎರಡು ವರ್ಷಗಳಲ್ಲಿ ನಾನು ಪೂರ್ತಿಯಾಗಿ ಮುಚ್ಚಿಲ್ಲ. ಅದನ್ನು ಬರೆದವರು ಯಾರೆಂದು ಹುಡುಕುತ್ತ ಹೋಗಿ ನಾನು ತಿಳಿದುಕೊಂಡುದನ್ನು ಇಲ್ಲಿ ಹೇಳುತ್ತೇನೆ.

ಮೊದಲು ನನ್ನ ಒಂದು ತಪ್ಪು ತಿಳಿವಳಿಕೆಯನ್ನು ಒಪ್ಪಿಕೊಳ್ಳಬೇಕು. ಕಿಟ್ಟೆಲ್ ಎಂದರೆ ಯಾರೋ ಇಂಗ್ಲಿಷ್ ದೊರೆ, ತಾಯಿಯ ಹಾಲಿನೊಡನೆ ಇಂಗ್ಲಿಷನ್ನು ಕುಡಿದವರು, ಅವರಿಗೇನು ಕಷ್ಟ ಎಂದು ನಾನು ತಿಳಿದಿದ್ದೆ. ಅವರು ಇಂಗ್ಲಿಷರಲ್ಲ, ಜರ್ಮನರು. ಇಂಗ್ಲಿಷ್ ಅವರಿಗೂ ಪಾಠ ಓದಿ ಕಲಿತ ಪರಭಾಷೆ. ಕನ್ನಡವಂತೂ ಸರಿಯೇ ಸರಿ. ಒಂದು ಪರಭಾಷೆಯ ಪದಗಳಿಗೆ ಇನ್ನೊಂದು ಪರಭಾಷೆಯಲ್ಲಿ ಅರ್ಥ ಬರೆದವರು ಅವರು! ಇದನ್ನು ಓದಿದ ದಿನ ನನ್ನ ಎದೆಯ ಮೇಲಿನ ಕಲ್ಲೊಂದು ಇಳಿದಂತಾಯಿತೆಂದರೆ ಉತ್ಪ್ರೇಕ್ಷೆಯಲ್ಲ. ಅವರ ಕೋಶದ ಪ್ರತಿಯೊಂದು ಇಂಗ್ಲಿಷ್ ಪದದ ಹಿಂದೆಯೂ ನನ್ನಂತೆಯೇ ಅದನ್ನು ಕಲಿಯಬೇಕಾಗಿ ಬಂದ ಒಬ್ಬ ವಿದ್ಯಾರ್ಥಿ ಕುಳಿತಿದ್ದಾನೆ.

ಫರ್ಡಿನಂಡ್ ಕಿಟ್ಟೆಲ್ಲರು 1832ರ ಏಪ್ರಿಲ್ ತಿಂಗಳಲ್ಲಿ, ಆಗಿನ ಹ್ಯಾನೋವರ್ ರಾಜ್ಯಕ್ಕೆ ಸೇರಿದ್ದ ಪೂರ್ವ ಫ್ರೀಸ್‌ಲೆಂಡಿನ ರೆಸ್ಟರ್‌ಹಾಫೆ ಎಂಬ ಸಣ್ಣ ಊರಿನಲ್ಲಿ ಹುಟ್ಟಿದರು. ಅದು ಉತ್ತರ ಸಮುದ್ರದ ತೀರದ ತಗ್ಗು ನಾಡು. ತಂದೆ ಚರ್ಚಿನ ಪಾದ್ರಿಗಳು. ಅಲ್ಲಿನ ಹಳ್ಳಿಗರ ಆಡುಮಾತೂ ಶಾಲೆಯಲ್ಲಿ ಕಲಿಸುವ ಜರ್ಮನ್ ಭಾಷೆಯೂ ಒಂದೇ ಅಲ್ಲವಂತೆ. ನಮ್ಮ ಕಡೆ ಮನೆಯ ಮಾತು ಬೇರೆ, ಪುಸ್ತಕದ ಮಾತು ಬೇರೆ ಎಂಬಂತೆ. ಜರ್ಮನ್ ಭಾಷೆಯಲ್ಲಿ ಕಿಟ್ಟೆಲ್ ಎಂದರೆ ಕೆಲಸದ ವೇಳೆ ಬಟ್ಟೆಯ ಮೇಲೆ ತೊಡುವ ನಿಲುವಂಗಿ. ನೇಯ್ಗೆಯವರ ಮನೆಯಲ್ಲಿ ಹುಟ್ಟಿದ ನನಗೆ ಈ ಅರ್ಥ ಬಹಳ ಹಿಡಿಸಿತು. ಔರಿಕ್ ಎಂಬ ಊರಿನ ಪ್ರೌಢಶಾಲೆಯಲ್ಲಿ ಅವರು ಗ್ರೀಕ್, ಲ್ಯಾಟಿನ್, ಹೀಬ್ರೂ ಮೊದಲಾದ ಭಾಷೆಗಳನ್ನು ಓದಿದರು. 1850ರಲ್ಲಿ, ಹದಿನೆಂಟನೆಯ ವಯಸ್ಸಿನಲ್ಲಿ, ಸ್ವಿಟ್ಸರ್‌ಲೆಂಡಿನ ಬಾಸೆಲ್ ನಗರದಲ್ಲಿದ್ದ ಮಿಷನ್ ವಿದ್ಯಾಲಯವನ್ನು ಸೇರಿದರು. 1853ರಲ್ಲಿ ಅವರನ್ನು ಭಾರತಕ್ಕೆ ಕಳುಹಿಸಲಾಯಿತು. ಆಗ ಅವರಿಗೆ ಇಪ್ಪತ್ತೊಂದು ವರ್ಷ. ಈಗಿನ ನನಗಿಂತ ಒಂದೇ ವರ್ಷ ಹಿರಿಯರು.

ಬಾಸೆಲ್ ಮಿಷನ್ನು ನಮ್ಮ ಕರಾವಳಿಯವರಿಗೆ ಹೊಸದಲ್ಲ. ಮಂಗಳೂರಿನಲ್ಲಿ ಅವರ ಮುದ್ರಣಾಲಯ 1841ರಲ್ಲಿಯೇ ಆರಂಭವಾಗಿತ್ತು. ಕನ್ನಡದ ಮೊದಲ ಪತ್ರಿಕೆಯಾದ ಮಂಗಳೂರ ಸಮಾಚಾರವನ್ನು 1843ರಲ್ಲಿ ಹೊರಡಿಸಿದವರು ಅದೇ ಮಿಷನ್ನಿನ ಹರ್ಮನ್ ಮೋಗ್ಲಿಂಗ್ ಅವರು. ಮಲೆಯಾಳಕ್ಕೆ ಕೋಶ ಕೊಟ್ಟ ಹರ್ಮನ್ ಗುಂಡರ್ಟರೂ ಅವರೊಳಗಿನವರೇ. ಬಟ್ಟೆ ನೇಯಿಸುವುದು, ಹೆಂಚು ಮಾಡಿಸುವುದು, ಪುಸ್ತಕ ಅಚ್ಚು ಹಾಕುವುದು ಎಲ್ಲವನ್ನೂ ಅವರು ಮಾಡುತ್ತಿದ್ದರು. ಆದರೆ ಮಿಷನ್ನಿನವರು ಈ ತರುಣನನ್ನು ಕಳುಹಿಸಿದುದು ಧರ್ಮಬೋಧೆಗಾಗಿ, ಕೋಶ ಬರೆಯುವುದಕ್ಕಲ್ಲ. ಮಂಗಳೂರು, ಧಾರವಾಡ, ಮಡಿಕೇರಿ ಮುಂತಾದ ಕಡೆ ಕೆಲಸ ಮಾಡುತ್ತ ಅವರು ಕನ್ನಡದಲ್ಲಿಯೂ ಸಂಸ್ಕೃತದಲ್ಲಿಯೂ ಮುಳುಗಿಹೋದರು. ಜನರ ಮನಸ್ಸನ್ನು ಅರಿಯಬೇಕಾದರೆ ಅವರ ಪುಸ್ತಕಗಳನ್ನು ಅರಿಯಬೇಕು, ಅವರಂತೆ ಸರಳವಾಗಿ ಬದುಕಬೇಕು ಎಂಬುದು ಅವರ ಎಣಿಕೆ. ಜೊತೆಯ ಮಿಷನರಿಗಳಿಗೆ ಇದು ಸರಿಕಾಣಲಿಲ್ಲ. ಓಲೆಗರಿಗಳ ಮುಂದೆ ಕುಳಿತು ಕಾಲ ಕಳೆಯುವ ಈ ಮನುಷ್ಯನಿಂದ ಬೋಧನೆಯ ಕೆಲಸ ಆಗುವುದುಂಟೆ ಎಂದು ಅಸಮಾಧಾನ ಪಟ್ಟರು. ಅವರ ದೃಷ್ಟಿಯಿಂದ ನೋಡಿದರೆ ಅದೂ ತಪ್ಪಲ್ಲ; ಕಳುಹಿಸಿದ ಕೆಲಸ ಬಿಟ್ಟು ಬೇರೆ ಕೆಲಸ ಮಾಡುವವರನ್ನು ಯಾವ ಯಜಮಾನನೂ ಮೆಚ್ಚುವುದಿಲ್ಲ. ನಮ್ಮ ಪುಣ್ಯಕ್ಕೆ ಕಿಟ್ಟೆಲ್ಲರು ಹಟ ಬಿಡಲಿಲ್ಲ.

ಒಂದು ವಿಷಯ ನನಗೆ ಮುಖ್ಯವೆಂದು ತೋರುತ್ತದೆ. ಕನ್ನಡವನ್ನು ಕಲಿಯತೊಡಗಿದ ಒಂಬತ್ತು ವರ್ಷಗಳೊಳಗೆ, 1862ರಲ್ಲಿ, ಅವರು ಕಥಾಮಾಲೆಯೆಂಬ ಕಾವ್ಯವನ್ನು ಕನ್ನಡದ ಛಂದಸ್ಸಿನಲ್ಲಿಯೇ ರಚಿಸಿ ಪ್ರಕಟಿಸಿದರು. ವಸ್ತು ಏಸುವಿನ ಜೀವನ. ಅದು ಮಹಾಕಾವ್ಯವೆ ಅಲ್ಲವೆ ಎಂಬುದನ್ನು ಪಂಡಿತರು ತೀರ್ಮಾನಿಸಲಿ. ನಾನು ನೋಡುವುದು ಇಷ್ಟೆ: ಅವರು ಕಲಿತ ಪದವನ್ನು ಕಟ್ಟಿ ಅಟ್ಟದ ಮೇಲೆ ಇಡಲಿಲ್ಲ, ಕೂಡಲೆ ಕೆಲಸಕ್ಕೆ ಹಚ್ಚಿದರು. ಪದ್ಯ ಕಟ್ಟುವವನು ಒಂದು ಪದ ಮಾತ್ರೆಗೆ ಹೊಂದದಿದ್ದರೆ ಅದೇ ಅರ್ಥದ ಇನ್ನೊಂದನ್ನು ಹುಡುಕಬೇಕು, ಅದೂ ಹೊಂದದಿದ್ದರೆ ಮತ್ತೊಂದನ್ನು. ಹೀಗೆ ಹುಡುಕಿ ತಂದ ಪದ ಮರೆತುಹೋದೀತೆ? ನಾನೋ ಆರುನೂರು ಇಂಗ್ಲಿಷ್ ಪದ ಕಲಿತು ಅವುಗಳಲ್ಲಿ ಒಂದರಿಂದಲೂ ಒಂದು ವಾಕ್ಯವನ್ನು ಮಾಡಿರಲಿಲ್ಲ.

1864ರಲ್ಲಿ ಅವರ ಪತ್ನಿ ಎಳೆವಯಸ್ಸಿನಲ್ಲಿಯೇ ತೀರಿಕೊಂಡರು. ಮೂರು ವರ್ಷಗಳ ಮೇಲೆ ಪತ್ನಿಯ ತಂಗಿಯನ್ನು ಅವರು ಮದುವೆಯಾದರು. ಈ ದುಃಖದ ಕಾಲವನ್ನು ಅವರು ಹೇಗೆ ಕಳೆದರೋ, ಕೆಲಸವಂತೂ ನಿಲ್ಲಲಿಲ್ಲ. ಹದಿಮೂರನೆಯ ಶತಮಾನದ ಕೇಶಿರಾಜನ ಶಬ್ದಮಣಿದರ್ಪಣವನ್ನು 1872ರಲ್ಲಿಯೂ, ಅದಕ್ಕಿಂತ ಹಳೆಯದಾದ ನಾಗವರ್ಮನ ಛಂದೋಂಬುಧಿಯನ್ನು 1875ರಲ್ಲಿಯೂ ಸಂಪಾದಿಸಿ ಅಚ್ಚು ಹಾಕಿಸಿದರು. ಒಂದು ನಮ್ಮ ವ್ಯಾಕರಣ, ಇನ್ನೊಂದು ನಮ್ಮ ಛಂದಸ್ಸು. ಮನೆಯ ಅಡಿಪಾಯವನ್ನೂ ತೊಲೆಗಳನ್ನೂ ನೋಡಿಕೊಂಡ ಮೇಲೆಯೇ ಅವರು ಕೋಶವೆಂಬ ಮನೆಯನ್ನು ಪೂರ್ಣವಾಗಿ ಎತ್ತಲು ಹೊರಟರು.

ಕನ್ನಡಕ್ಕೆ ಅದಕ್ಕೂ ಮುಂಚೆ ಕೋಶವಿರಲಿಲ್ಲವೆಂದಲ್ಲ. ಹಳೆಯ ಕವಿಗಳ ಪದ್ಯರೂಪದ ನಿಘಂಟುಗಳಿದ್ದುವು. ವಿಲಿಯಂ ರೀವ್ ಎಂಬವರ ಇಂಗ್ಲಿಷ್–ಕನ್ನಡ ಕೋಶ 1824ರಲ್ಲಿಯೂ ಕನ್ನಡ–ಇಂಗ್ಲಿಷ್ ಕೋಶ 1832ರಲ್ಲಿಯೂ ಬಂದಿದ್ದುವು. ಕಿಟ್ಟೆಲ್ಲರು ಹುಟ್ಟಿದುದೂ 1832ರಲ್ಲಿಯೇ ಎಂಬುದನ್ನು ಗಮನಿಸಿದಾಗ ನನಗೆ ಒಂದು ಬಗೆಯ ಸಂತೋಷವಾಯಿತು. ಆದರೆ ಹಳಗನ್ನಡದಿಂದ ಹಿಡಿದು ಬೀದಿಯ ಮಾತಿನವರೆಗೆ ಎಲ್ಲವನ್ನೂ ಒಂದೆಡೆ ತಂದು, ಪ್ರತಿಯೊಂದಕ್ಕೂ ಆಧಾರ ಕೊಡುವ ಕೋಶ ಆಗಬೇಕಾಗಿತ್ತು. ಆ ಕೆಲಸ ಸುಮಾರು ಇಪ್ಪತ್ತು ವರ್ಷಗಳನ್ನು ನುಂಗಿತು. ನಡುವೆ 1877ರಲ್ಲಿ ಅವರು ಯೂರೋಪಿಗೆ ಮರಳಿದರು. 1883ರಲ್ಲಿ, ಐವತ್ತು ದಾಟಿದ ವಯಸ್ಸಿನಲ್ಲಿ, ಕೋಶದ ಕೆಲಸಕ್ಕಾಗಿಯೇ ಮತ್ತೆ ಬಂದು 1892ರವರೆಗೆ ಇಲ್ಲಿ ದುಡಿದರು.

ಆ ಕಾಲದಲ್ಲಿಯೇ, 1885ರಲ್ಲಿ, ಜರ್ಮನಿಯಲ್ಲಿ ಹರ್ಮನ್ ಎಬ್ಬಿಂಗ್‌ಹೌಸ್ ಎಂಬ ವಿದ್ವಾಂಸರು ನೆನಪಿನ ಮೇಲೆ ಒಂದು ಪುಸ್ತಕವನ್ನು ಪ್ರಕಟಿಸಿದರು. ನಮ್ಮ ಐಚ್ಛಿಕ ವಿಷಯ ಮನಶ್ಶಾಸ್ತ್ರವಲ್ಲದಿದ್ದರೂ, ನನ್ನ ರೋಗಕ್ಕೆ ಮದ್ದು ಹುಡುಕುತ್ತ ನಾನು ಅದರ ವಿಷಯವನ್ನು ತಿಳಿದುಕೊಂಡೆ. ಅವರು ಅರ್ಥವೇ ಇಲ್ಲದ ಎರಡು ಸಾವಿರಕ್ಕೂ ಮಿಕ್ಕ ಉಚ್ಚಾರಗಳನ್ನು ತಾವೇ ಮಾಡಿಕೊಂಡು, ಅವುಗಳನ್ನು ಸಾಲುಸಾಲಾಗಿ ಬಾಯಿಪಾಠ ಮಾಡಿ, ಎಷ್ಟು ಹೊತ್ತಿಗೆ ಎಷ್ಟು ಮರೆಯುತ್ತದೆಂದು ತಮ್ಮ ಮೇಲೆಯೇ ಪ್ರಯೋಗ ನಡೆಸಿದರು. ಒಂದು ಗಂಟೆಯೊಳಗೆ ಅರ್ಧಕ್ಕಿಂತ ಹೆಚ್ಚು, ಒಂದು ದಿನದಲ್ಲಿ ಸುಮಾರು ಮೂರರಲ್ಲಿ ಎರಡು ಪಾಲು ಕಲಿತ ಶ್ರಮ ವ್ಯರ್ಥವಾಗುತ್ತದೆ. ಅಲ್ಲಿಂದ ಮುಂದೆ ಮರೆವು ನಿಧಾನವಾಗುತ್ತದೆ. ಒಂದೇ ದಿನ ಹಲವು ಸಲ ಓದುವುದಕ್ಕಿಂತ ದಿನಗಳ ಅಂತರ ಕೊಟ್ಟು ಓದಿದರೆ ಲಾಭ ಹೆಚ್ಚು. ಅರ್ಥವಿರುವ ಪದ್ಯವನ್ನು ಕಲಿಯುವುದಕ್ಕೆ ಅರ್ಥವಿಲ್ಲದ ಉಚ್ಚಾರಗಳ ಹತ್ತರಲ್ಲಿ ಒಂದು ಪಾಲು ಶ್ರಮ ಸಾಕು. ಇದನ್ನು ಓದಿ ನಾನು ನನ್ನ ಹಳೆಯ ನೋಟುಪುಸ್ತಕವನ್ನು ತೆಗೆದು ನೋಡಿದೆ. ಅದರ ಆರುನೂರು ಪದಗಳೂ ನನ್ನ ಪಾಲಿಗೆ ಅರ್ಥವಿಲ್ಲದ ಉಚ್ಚಾರಗಳೇ ಆಗಿದ್ದುವು. ಬಲಗಡೆಯ ಕಾಲಮಿನಲ್ಲಿ ಅರ್ಥ ಬರೆದಿದ್ದರೇನು? ಅದು ಕಾಗದದ ಮೇಲಿತ್ತು, ನನ್ನ ಒಳಗೆ ಇರಲಿಲ್ಲ. ಒಬ್ಬ ಜರ್ಮನ್ ವಿದ್ವಾಂಸರು ಅಲ್ಲಿ ಅರ್ಥವಿಲ್ಲದ ಶಬ್ದ ಎಷ್ಟು ಬೇಗ ಸಾಯುತ್ತದೆಂದು ಅಳೆಯುತ್ತಿದ್ದಾಗ, ಇನ್ನೊಬ್ಬರು ಇಲ್ಲಿ ಅರ್ಥವುಳ್ಳ ಶಬ್ದಗಳನ್ನು ಒಂದೊಂದಾಗಿ ಕೂಡಿಸುತ್ತಿದ್ದರು.

ಇನ್ನು ಆ ಕೋಶದ ಒಳಗನ್ನು ಸ್ವಲ್ಪ ತೋರಿಸುತ್ತೇನೆ; ಇದನ್ನು ಬಿಟ್ಟರೆ ಕಿಟ್ಟೆಲ್ಲರ ಜೀವನವನ್ನು ಹೇಳಿದಂತಾಗುವುದಿಲ್ಲ. ಮೊದಲು ಕನ್ನಡ ಲಿಪಿಯಲ್ಲಿ ಪದ, ಅದರ ಪಕ್ಕದಲ್ಲಿ ರೋಮನ್ ಲಿಪಿಯಲ್ಲಿ ಅದರ ಉಚ್ಚಾರ. ಒಂದೇ ರೂಪದ ಬೇರೆ ಬೇರೆ ಪದಗಳಿದ್ದರೆ ಅಂಕೆ ಹಾಕಿ ಬೇರೆ ಬೇರೆ ನಿಲ್ಲಿಸುತ್ತಾರೆ. ಅರ್ಥ ಹೇಳಿ, ಯಾವ ಕವಿ ಯಾವ ಗ್ರಂಥದಲ್ಲಿ ಬಳಸಿದ್ದಾನೆಂದು ಸೂಚಿಸುತ್ತಾರೆ. ಮೈಸೂರು ಕಡೆಯ ಮಾತೋ, ಧಾರವಾಡ ಬೆಳಗಾವಿಗಳ ಕಡೆಯ ಮಾತೋ ಎಂಬುದಕ್ಕೂ ಗುರುತು ಹಾಕುತ್ತಾರೆ. ತಮಿಳು, ತೆಲುಗು, ಮಲೆಯಾಳ, ತುಳು ಭಾಷೆಗಳ ನೆಂಟ ಪದಗಳನ್ನು ಕರೆತಂದು ಸಾಲಾಗಿ ಕೂರಿಸುತ್ತಾರೆ. ಹಾಲು ಎಂಬಲ್ಲಿ ತಮಿಳಿನ ಪಾಲ್, ತೆಲುಗಿನ ಪಾಲು ಬಂದು ಕುಳಿತಿರುತ್ತವೆ. ನಮ್ಮ ಬೀದಿಯಲ್ಲಿ ತೆಲುಗು ಮನೆಮಾತಿನವರು ಬೇಕಾದಷ್ಟು ಮಂದಿ. ಪಾಲು ಎಂಬುದನ್ನು ದಿನಾ ಕೇಳುತ್ತ ಬೆಳೆದ ನನಗೆ ಅದು ನಮ್ಮ ಹಾಲಿನ ಒಡಹುಟ್ಟೆಂದು ಒಂದು ದಿನವೂ ಹೊಳೆದಿರಲಿಲ್ಲ. ಕೊನೆಗೆ, ಇವೆಲ್ಲಕ್ಕಿಂತ ಸೊಗಸಾದುದು, ಗಾದೆಗಳು. ಪದ ಬರುವ ಗಾದೆಯೊಂದು ಸಿಕ್ಕಿದರೆ ಬಿಡದೆ ಕೊಡುತ್ತಾರೆ. ಅಷ್ಟು ಗಾದೆಗಳು ಓಲೆಗರಿಯಲ್ಲಿ ಸಿಕ್ಕುವಂತಹುವಲ್ಲ. ಯಾರೋ ಅಜ್ಜಿಯರು, ಯಾರೋ ಗಾಡಿಯವರು, ಕಣದಲ್ಲಿ ಕುಳಿತ ಯಾರೋ ರೈತರು ಹೇಳಿರಬೇಕು. ಅವರ ಹೆಸರುಗಳು ಮುಖಪುಟದ ಮೇಲಿಲ್ಲ.

ಅಂದು ಗ್ರಂಥಭಂಡಾರದಲ್ಲಿ ನಾನು ತೆರೆದುದು ತಕಾರದ ಪುಟ. ತೆನೆ ಎಂಬ ಪದಕ್ಕೆ ಇಂಗ್ಲಿಷಿನಲ್ಲಿ ಇಯರ್ ಎಂದಿತ್ತು. ಇಯರ್ ಎಂದರೆ ಕಿವಿಯಲ್ಲವೆ? ಅಚ್ಚಿನ ತಪ್ಪಿರಬೇಕೆಂದುಕೊಂಡೆ. ಆಮೇಲೆ ವಿಚಾರಿಸಿದರೆ, ಇಂಗ್ಲಿಷಿನಲ್ಲಿ ಅವು ಹಿಂದೆ ಬೇರೆ ಬೇರೆಯಾಗಿದ್ದ ಎರಡು ಪದಗಳಂತೆ. ಕಾಲಕ್ರಮದಲ್ಲಿ ಸವೆದು ಒಂದೇ ರೂಪಕ್ಕೆ ಬಂದುವಂತೆ. ನಮ್ಮಲ್ಲಿ ಹೊತ್ತು ಎಂದರೆ ವೇಳೆಯೂ ಆಯಿತು, ಮೂಟೆ ಹೊತ್ತು ಎಂದೂ ಆಯಿತು, ಹಾಗೆ. ರಾಗಿ ತೆನೆ ಕಿವಿಯಂತೆ ಬಾಗಿ ಗಾಳಿಗೆ ಕಿವಿಗೊಡುತ್ತದೆಂದು ನಾನು ಮನಸ್ಸಿನಲ್ಲಿ ಒಂದು ಚಿತ್ರವನ್ನು ಬರೆದುಕೊಂಡೆ. ಆ ಪದ ಅಂದಿನಿಂದ ಇಂದಿನವರೆಗೆ ಮರೆತಿಲ್ಲ. ಕೂರಿಗೆಗೆ ಡ್ರಿಲ್ ಎಂದಿತ್ತು. ನನಗೆ ಗೊತ್ತಿದ್ದ ಡ್ರಿಲ್ ಶಾಲೆಯ ಮೈದಾನದಲ್ಲಿ ಸಾಲಾಗಿ ನಿಂತು ಕೈಕಾಲು ಆಡಿಸುವುದು. ಕೂರಿಗೆಯೂ ಬೀಜವನ್ನು ಸಾಲಿಗೆ ಹಾಕುತ್ತದಲ್ಲಾ! ಹೀಗೆಯೇ ಕಣ, ಮೊರ, ನೇಗಿಲು, ಮಗ್ಗ ಎಂದು ಮನೆಯ ಪದಗಳನ್ನು ಹಿಡಿದುಕೊಂಡು ಹೋಗಿ ಅವುಗಳ ಇಂಗ್ಲಿಷನ್ನು ತಂದೆ. ಅವು ಒಂದೂ ತಪ್ಪಿಸಿಕೊಳ್ಳಲಿಲ್ಲ. ಗೂಟವಿದ್ದ ಕಡೆ ಹಸುವನ್ನು ಕಟ್ಟಿದರೆ ನಿಲ್ಲುತ್ತದೆ. ನಾನು ಅದುವರೆಗೆ ಬಯಲಿನಲ್ಲಿ ಹಗ್ಗ ಹಿಡಿದು ನಿಂತಿದ್ದೆ.

ಆದರೆ ಒಂದು ತೊಡಕು ಬಂತು, ಅದನ್ನು ಮುಚ್ಚಿಡಲಾರೆ. ಕನ್ನಡ ನನಗೆ ಬರುತ್ತದೆಂದು ತಿಳಿದಿದ್ದೆನಷ್ಟೆ. ಕಿಟ್ಟೆಲ್ಲರ ಒಂದು ಪುಟದಲ್ಲಿ ಸರಾಸರಿ ನಲವತ್ತು ಪದಗಳಿದ್ದರೆ ನನಗೆ ಗೊತ್ತಿದ್ದುವು ಹದಿನೈದೋ ಹದಿನೆಂಟೋ. ಹಳಗನ್ನಡದ ಪದಗಳು ತಿಳಿಯದಿದ್ದುದಕ್ಕೆ ನಾಚಿಕೆಯಿಲ್ಲ. ಹೊಲದ ಪದ, ಅಡಿಗೆಮನೆಯ ಪದ, ದನಕರುಗಳ ಪದ ತಿಳಿಯಲಿಲ್ಲವಲ್ಲಾ! ಅಜ್ಜಿಯನ್ನು ಕೇಳಿದರೆ ಆಕೆ ಪಟ್ಟನೆ ಹೇಳುತ್ತಿದ್ದರು. ಎಂಬತ್ತು ವರ್ಷದ, ಓದುಬರಹವಿಲ್ಲದ ಅಜ್ಜಿಗೆ ಗೊತ್ತು. ಎಂದೂ ಇಲ್ಲಿಗೆ ಮತ್ತೆ ಬರಲಾರದ ಜರ್ಮನ್ ಪಂಡಿತರಿಗೆ ಗೊತ್ತಿತ್ತು. ನಡುವೆ ಇರುವ ನನಗೆ ಗೊತ್ತಿಲ್ಲ. ಕಾಲೇಜು ಸೇರಿದ ಮೇಲೆ ಅಜ್ಜಿಯ ಮಾತು ಹಳ್ಳಿಯ ಮಾತೆಂದು ಗೆಳತಿಯರ ಎದುರಿಗೆ ನಾನು ಆಕೆಯನ್ನು ಮಾತನಾಡಿಸುತ್ತಲೇ ಇರಲಿಲ್ಲವೆಂಬುದನ್ನೂ ಇಲ್ಲಿ ಬರೆಯುತ್ತೇನೆ. ಗೂಟಗಳನ್ನು ನಾನೇ ಕಿತ್ತುಹಾಕಿದ್ದೆ. ಆ ಬೇಸಿಗೆಯ ಸಂಜೆಗಳಲ್ಲಿ ಅಜ್ಜಿಯ ಹತ್ತಿರ ಕುಳಿತು, ಆಕೆ ಕಾಳು ಕೇರುತ್ತಿದ್ದಂತೆ ಒಂದೊಂದು ಪದವನ್ನು ಕೇಳಿ, ಗಾದೆಯನ್ನು ಕೇಳಿ ಬರೆದುಕೊಂಡೆ. ಇದನ್ನೆಲ್ಲ ಯಾವ ದೊರೆ ಪರೀಕ್ಷೆಯಲ್ಲಿ ಕೇಳುತ್ತಾನೆಂದು ಆಕೆ ನಗುತ್ತಿದ್ದರು.

ಬರೆದುಕೊಳ್ಳುವ ಕ್ರಮವನ್ನೂ ಬದಲಾಯಿಸಿದೆ. ಹಳೆಯ ಲಗ್ನಪತ್ರಿಕೆಗಳನ್ನು ಚೀಟಿಗಳಾಗಿ ಕತ್ತರಿಸಿ, ಒಂದು ಮಗ್ಗುಲಲ್ಲಿ ಮನೆಯ ಪದ, ಇನ್ನೊಂದು ಮಗ್ಗುಲಲ್ಲಿ ಇಂಗ್ಲಿಷ್ ಪದ, ಅದರ ಕೆಳಗೆ ನಮ್ಮ ಮನೆಯ ವಿಷಯವಾಗಿಯೇ ಒಂದು ಇಂಗ್ಲಿಷ್ ವಾಕ್ಯ. ಸೀರೆಯ ಖಾಲಿ ಪೆಟ್ಟಿಗೆಯಲ್ಲಿ ಅವುಗಳನ್ನಿಟ್ಟು, ಬರೆದ ಸಂಜೆ ಒಮ್ಮೆ, ಮರುದಿನ ಒಮ್ಮೆ, ನಾಲ್ಕನೆಯ ದಿನ, ವಾರದ ಮೇಲೆ, ತಿಂಗಳ ಮೇಲೆ ತೆಗೆದು ನೋಡುವುದು. ನೋಡುವುದೆಂದರೆ ಓದುವುದಲ್ಲ, ಚೀಟಿಯನ್ನು ತಿರುಗಿಸುವ ಮುನ್ನ ನೆನಪಿನಿಂದ ಹೇಳುವುದು. ಬಂದ ಚೀಟಿ ಹಿಂದಕ್ಕೆ, ಬಾರದ ಚೀಟಿ ಮುಂದಕ್ಕೆ. ದಿನಕ್ಕೆ ಏಳೆಂಟಕ್ಕಿಂತ ಹೆಚ್ಚು ಪದಗಳನ್ನು ಸೇರಿಸಲಿಲ್ಲ. ಮನೆಯಲ್ಲಿ ಇಲ್ಲದ ಪದಗಳಿಗೆ ಕಿಟ್ಟೆಲ್ಲರ ನೆಂಟರ ಉಪಾಯವನ್ನು ಹಿಡಿದೆ. ಪೋರ್ಟರ್ ಎಂದರೆ ಹೊರುವವನೆಂದು ರೈಲು ನಿಲ್ದಾಣವನ್ನು ನೋಡಿದವರಿಗೆಲ್ಲ ಗೊತ್ತು. ಆ ಹೊರುವ ಮಾತೇ ಲ್ಯಾಟಿನ್ನಿನಿಂದ ಬಂದು ಇಂಪೋರ್ಟ್, ಎಕ್ಸ್‌ಪೋರ್ಟ್, ಟ್ರಾನ್ಸ್‌ಪೋರ್ಟ್, ರಿಪೋರ್ಟ್ ಎಲ್ಲದರೊಳಗೂ ಕುಳಿತಿದೆ: ಒಳಕ್ಕೆ ಹೊರುವುದು, ಹೊರಕ್ಕೆ ಹೊರುವುದು, ಆಚೆಗೆ ಹೊರುವುದು, ಹಿಂದಕ್ಕೆ ಹೊತ್ತು ತಂದು ಹೇಳುವುದು. ಒಂದು ಪದವನ್ನು ಕಲಿತರೆ ನಾಲ್ಕು ಹಿಂದೆಯೇ ಬಂದುವು. ಕನ್ನಡದ ಕಡೆಯಿಂದ ಹೋದವೂ ಕೆಲವು ಇವೆ ಎಂದು ತಿಳಿದಾಗಲಂತೂ ಹಿಗ್ಗಿದೆ. ಇಂಗ್ಲಿಷಿನ ಟೀಕ್ ಮಲೆಯಾಳದಿಂದ ಪೋರ್ಚುಗೀಸರ ಬಾಯಿಗೆ ಬಿದ್ದು ಹೋದ ಪದ. ನಮ್ಮ ತೇಗದ ಅಕ್ಕತಂಗಿ.

ನಿಧಾನವಾಯಿತೆಂದು ಬೇಸರವಾದಾಗಲೆಲ್ಲ ನಾನು ಒಂದು ಲೆಕ್ಕ ಹಾಕಿಕೊಳ್ಳುತ್ತಿದ್ದೆ. ಕಿಟ್ಟೆಲ್ಲರ ಕೋಶದಲ್ಲಿರುವುವು ಸುಮಾರು 70,000 ಪದಗಳು, 1,752 ಪುಟಗಳು. ಒಂದು ದಿನಕ್ಕೆ ಹತ್ತು ಪದವೆಂದು ಹಿಡಿದರೆ 7,000 ದಿನ. ಎಂದರೆ ಹತ್ತೊಂಬತ್ತು ವರ್ಷಕ್ಕೂ ಮಿಕ್ಕ ಕಾಲ. ಅವರಿಗೆ ಹಿಡಿದುದೂ ಹೆಚ್ಚುಕಡಿಮೆ ಅಷ್ಟೆ! ಅಷ್ಟು ದೊಡ್ಡ ಪಂಡಿತರ ನಡಿಗೆಯೂ ದಿನಕ್ಕೆ ಹತ್ತು ಪದದ್ದೇ ಆಗಿತ್ತೆಂದಮೇಲೆ ನನ್ನ ಏಳೆಂಟಕ್ಕೆ ನಾಚಬೇಕಾಗಿಲ್ಲವೆಂದು ಸಮಾಧಾನ ಮಾಡಿಕೊಳ್ಳುತ್ತಿದ್ದೆ. ಅವರು ಪದ ಕಲಿತುದಲ್ಲದೆ ಆಧಾರ ಹುಡುಕಿದರು, ಅರ್ಥ ಬರೆದರು ಎಂಬುದನ್ನು ಈ ಲೆಕ್ಕದಲ್ಲಿ ಸೇರಿಸಿಲ್ಲ. ಸೇರಿಸಿದರೆ ಸಮಾಧಾನ ಕೆಡುತ್ತದೆ.

1892ರಲ್ಲಿ ಕಿಟ್ಟೆಲ್ಲರು ಕನ್ನಡ ನಾಡನ್ನು ಕೊನೆಯ ಸಲ ಬಿಟ್ಟು ಜರ್ಮನಿಯ ಟ್ಯೂಬಿಂಗೆನ್ ನಗರಕ್ಕೆ ಹೋಗಿ ನೆಲಸಿದರು. ಕೋಶ 1894ರಲ್ಲಿ ಮಂಗಳೂರಿನಲ್ಲಿ ಅಚ್ಚಾಗಿ ಹೊರಬಂತು. 1896ರಲ್ಲಿ ಟ್ಯೂಬಿಂಗೆನ್ ವಿಶ್ವವಿದ್ಯಾನಿಲಯ ಅವರಿಗೆ ಗೌರವ ಡಾಕ್ಟರೇಟನ್ನು ನೀಡಿತು. ಅಷ್ಟಕ್ಕೇ ಕೈಕಟ್ಟಿ ಕೂರದೆ, ಕನ್ನಡದ ಹಳೆಯ, ನಡುವಣ, ಹೊಸ ರೂಪಗಳನ್ನೆಲ್ಲ ಕುರಿತು ಇಂಗ್ಲಿಷಿನಲ್ಲಿ ಒಂದು ವ್ಯಾಕರಣವನ್ನು ಬರೆದರು. ಅದು 1903ರಲ್ಲಿ ಪ್ರಕಟವಾಯಿತು. ಅದೇ ವರ್ಷ ಡಿಸೆಂಬರಿನಲ್ಲಿ ಅವರು ತೀರಿಕೊಂಡರು. ಮುಂದೆ ಎಂ. ಮರಿಯಪ್ಪ ಭಟ್ಟರು ಆ ಕೋಶವನ್ನು ಪರಿಷ್ಕರಿಸಿ ಬೆಳೆಸಿದರು. ಮದರಾಸು ವಿಶ್ವವಿದ್ಯಾನಿಲಯ ಅದನ್ನು 1968ರಿಂದ 1971ರವರೆಗೆ ನಾಲ್ಕು ಸಂಪುಟಗಳಲ್ಲಿ ಹೊರತಂದಿತು.

ಎರಡನೆಯ ಸಲದ ಪರೀಕ್ಷೆ ಮುಗಿದ ಮೇಲೆ, ಫಲಿತಾಂಶ ಬರುವುದಕ್ಕೆ ಮೊದಲೇ, ನಾನು ನಲವತ್ತು ಕಿಲೋಮೀಟರು ದೂರದ ಬೆಂಗಳೂರಿಗೆ ಹೋಗಿ ಮಹಾತ್ಮಾ ಗಾಂಧಿ ರಸ್ತೆಯಲ್ಲಿ ಮೇಯೋ ಹಾಲಿನ ಬಳಿ ಇರುವ ಕಿಟ್ಟೆಲ್ಲರ ಪ್ರತಿಮೆಯನ್ನು ನೋಡಿ ಬಂದೆ. ಸುತ್ತ ವಾಹನಗಳ ಗದ್ದಲ. ನಿಂತು ನೋಡುವವರು ಯಾರೂ ಇರಲಿಲ್ಲ. ನಾನೂ ಐದು ನಿಮಿಷ ನಿಂತೆ, ಅಷ್ಟೆ; ಬಸ್ಸು ತಪ್ಪುತ್ತದೆಂಬ ಅವಸರ. ಪರೀಕ್ಷೆಯಲ್ಲಿ 47 ಅಂಕಗಳು ಬಂದುವು. ಹೇಳಿಕೊಳ್ಳುವಂತಹ ಅಂಕವೇನೂ ಅಲ್ಲ. ತಂದೆಯವರು ಅಂದು ಮಗ್ಗದ ಮನೆಯಲ್ಲಿ ಎಲ್ಲರಿಗೂ ಚಹಾ ಕೊಡಿಸಿದರಂತೆ.

ಆ ಸಂಜೆ ಅವರು ಚೀಟಿಗಳ ಪೆಟ್ಟಿಗೆಯನ್ನು ತರಹೇಳಿ, ಮಗ್ಗಕ್ಕೆ ಸೇರಿದ ಪದಗಳು ಎಷ್ಟಿವೆಯೆಂದು ಕೇಳಿದರು. ನಾಲ್ಕೋ ಐದೋ ಇದ್ದುವು. ತಾವು ಹೇಳುವುದನ್ನು ಬರೆದುಕೋ ಎಂದು ಅವರು ಒಂದೇ ಉಸಿರಿನಲ್ಲಿ ಹೇಳತೊಡಗಿದರು: ಬೀಮು, ರೀಡು, ಪಿಕ್ಕು, ಬಾಬಿನ್ನು, ಶಟಲ್ಲು, ಡಾಬಿ, ಜಕಾರ್ಡು. ನಾನು ಬೆರಗಾಗಿ ಕುಳಿತೆ. ಕಿಟ್ಟೆಲ್ಲರ ಕಾಲಕ್ಕೆ ನಮ್ಮ ಊರಿನಲ್ಲಿ ವಿದ್ಯುತ್ ಮಗ್ಗಗಳಿರಲಿಲ್ಲ. ಈ ಪದಗಳು ಆಮೇಲೆ ಯಂತ್ರಗಳ ಜೊತೆಯಲ್ಲಿ ಬಂದುವು. ಇಂಗ್ಲಿಷಿನ ಒಂದು ಅಕ್ಷರವನ್ನೂ ಓದಲಾರದ ತಂದೆಯವರು ಮೂವತ್ತು ವರ್ಷಗಳಿಂದ ಇವುಗಳನ್ನು ಆಡುತ್ತಿದ್ದಾರೆ. ಒಂದನ್ನೂ ಬಾಯಿಪಾಠ ಮಾಡಿಲ್ಲ, ಒಂದನ್ನೂ ಮರೆತಿಲ್ಲ. ಆದರೆ ರೀಡು ಎಂದರೆ ಇಂಗ್ಲಿಷಿನಲ್ಲಿ ಬೇರೆ ಅರ್ಥವೇನಾದರೂ ಇದೆಯೆ ಎಂದು ಅವರಿಗೆ ತಿಳಿಯದು. ಅದು ಕೆರೆಯ ಅಂಚಿನಲ್ಲಿ ಬೆಳೆಯುವ ಜೊಂಡು, ಹಿಂದೆ ಅಂತಹ ಜೊಂಡಿನ ಸೀಳುಗಳಿಂದಲೇ ಮಗ್ಗದ ಆ ಭಾಗವನ್ನು ಮಾಡುತ್ತಿದ್ದುದರಿಂದ ಆ ಹೆಸರು ಬಂತು ಎಂದು ಹೇಳಿದೆ. ತಂದೆಯವರು ಸ್ವಲ್ಪ ಹೊತ್ತು ಸುಮ್ಮನಿದ್ದು, ತಮ್ಮ ತಾತನ ಕೈಮಗ್ಗದ ಹಣಿಗೆ ಕಬ್ಬಿಣದ್ದಲ್ಲ, ಬಿದಿರಿನ ಸೀಳುಗಳದ್ದಾಗಿತ್ತೆಂದು ನೆನೆಸಿಕೊಂಡರು. ಅಜ್ಜಿ ಒಳಗಿನಿಂದ ಹೌದೆಂದರು. ನಾನು ಹೊಸ ಚೀಟಿಯೊಂದನ್ನು ತೆಗೆದುಕೊಂಡು ಒಂದು ಮಗ್ಗುಲಲ್ಲಿ ಹಣಿಗೆ ಎಂದು ಬರೆದೆ.